ಬಾಗಿಲಿಗೆ ಅಡ್ಡ ನಿಂತವರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರನ್ನು ಪ್ರಾಸವಿಲ್ಲದೆ ಬರಿದೇ ಹೇಳಿಬಿಟ್ಟರೆ ಅವರಿಗೆ ಸಿಟ್ಟು ಬರುತ್ತಿತ್ತು. ಆ ಹೆಸರು, ಊರಿಂದೂರಿಗೆ ಹೋಗಿ ಬರುತ್ತ ಸದ್ಯಕ್ಕೆ ನಮ್ಮ ಅಡುಗೆಮನೆಯಲ್ಲಿರುವ ದೊಡ್ಡ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲಿದೆ. ಭಾಂಡೆ-ಪಾತ್ರೆ ಅಂಗಡಿಯವನು ಕರ್ ಕರ್ ಎಂದು ಮಶೀನು ಹಿಡಿದು ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು. ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದು ಮುಚ್ಚಳದ ಅಂಚಿನಿಂದ ಕೆಳಗೆ ಇಣುಕಿ ನೋಡುತ್ತಿದೆ. ಡಬ್ಬಿ ತೊಳೆದಾಗಲೆಲ್ಲ ಆ ಅಕ್ಷರವನ್ನು ಬೆರಳಿನಿಂದ ಮೇಲೆ ತಳ್ಳಬೇಕು ಅನ್ನಿಸುತ್ತದೆ.

ನಾವು ಅವರನ್ನು ಅಕ್ಕಾರ ಎಂದು ಕರೆಯುತ್ತಿದ್ದೆವು. ತವರು ಹಿರೇಕೆರೂರು, ಕೊಟ್ಟದ್ದು ನಮ್ಮ ಹಾನಗಲ್ಲಿಗೆ. ಓಣಿಯ ಮೂಲೆಯಲ್ಲಿ ಅವರ ಮನೆ, ಮನೆಯ ಮುಂದೆ ನಾಲ್ಕು ಜನ ಕೂರುವ ಕಟ್ಟೆ. ಒಡಪು ಕಟ್ಟುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಒಡಪು ಎಂದರೆ ಗಂಡನ ಹೆಸರನ್ನು ಎರಡು ಸಾಲಿನ ಪ್ರಾಸದೊಳಗೆ ಸುತ್ತಿ ಹೇಳುವುದು. ಲಗ್ನವಾಗಿ ಬಂದ ಸೊಸೆಯನ್ನು ಹೊಸ್ತಿಲಲ್ಲಿ ಆ ಮನೆಯ ಕಡೆಯ ಹೆಂಗಸೊಬ್ಬಳು ಅಡ್ಡಗಟ್ಟುತ್ತಾಳೆ. ಪ್ರಾಸ ಹಾಕಿ ಹೆಸರು ಹೇಳಿದ ಮೇಲೆಯೇ ಕೈ ತೆಗೆಯುತ್ತಾಳೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿ ಲಗ್ನವಿದ್ದರೂ ಹುಡುಗಿಯ ತಾಯಿ ಮೊದಲು ಅಕ್ಕಾರ ಕಟ್ಟೆ ಹತ್ತುತ್ತಿದ್ದಳು. ವರನ ಹೆಸರು ಹೇಳಿದರೆ ಸಾಕು. ಅಕ್ಕಾರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೂಗುತಿಯನ್ನೊಮ್ಮೆ ಮುಟ್ಟಿ, ಕೈಗೆ ಸಿಕ್ಕ ಪಾತ್ರೆಯ ಮೇಲೆ ಉಂಗುರದಿಂದ ಠಣ್ ಎಂದು ಹೊಡೆಯುತ್ತಿದ್ದರು. ಆ ಸದ್ದು ನಿಲ್ಲುವುದರೊಳಗೆ ಒಡಪು ಸಿದ್ಧ. ಹರ್ಷವರ್ಧನ, ಋತ್ವಿಕ್ ಎಂಬಂಥ ಹೆಸರು ಬಂದರೆ ಮಾತ್ರ ಗೊಣಗುತ್ತಿದ್ದರು: “ಈಗಿನ ಮಂದಿ ಮಕ್ಕಳಿಗೆ ಹೆಸರಿಡೂವಾಗ ಮುಂದ ಬರೂ ಹೆಂಡ್ತಿ ವಿಚಾರ ಮಾಡೂದ ಇಲ್ಲ ನೋಡವಾ.”

ನನಗೂ ಅವರಿಗೂ ಗುರುತಾದದ್ದು ನಾನು ಸೊಸೆಯಾಗಿ ಈ ಊರಿಗೆ ಬಂದ ದಿನ. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು. ಕೇಳಿದ ಪ್ರಶ್ನೆಗೆ ನೆಟ್ಟಗೆ ನಿಂತು ಪೂರ್ಣ ವಾಕ್ಯದಲ್ಲಿ ಉತ್ತರಿಸಬೇಕೆಂದು ಸಿಸ್ಟರ್ ಕಲಿಸಿದ್ದರು. ಹೊಸ್ತಿಲಲ್ಲಿ ಅಡ್ಡಗಟ್ಟಿದ ಹೆಂಗಸರು ಗಂಡನ ಹೆಸರು ಕೇಳಿದಾಗ ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, “ನನ್ನ ಗಂಡನ ಹೆಸರು ಪ್ರಕಾಶ್,” ಎಂದು ಕೊನೆಯ ಬೆಂಚಿಗೂ ಕೇಳುವಂತೆ ಹೇಳಿದೆ. ಅಷ್ಟೂ ಹೆಂಗಸರು ಬಾಯಿಗೆ ಸೆರಗು ಹಿಡಿದರು. ನಮ್ಮತ್ತೆಯ ಮುಖ ಸಣ್ಣಗಾಯಿತು. ಆಗ ಗುಂಪಿನ ಹಿಂದಿನಿಂದ ಠಣ್ ಎಂದಿತು. ಅಡ್ಡಗಟ್ಟಿದವರ ನಡುವೆ ನುಸುಳಿ ಬಂದ ಒಬ್ಬರು ನನ್ನ ಕಿವಿಯಲ್ಲಿ ಹೇಳಿಕೊಟ್ಟದ್ದನ್ನು ನಾನು ಗಿಳಿಯಂತೆ ಒಪ್ಪಿಸಿದೆ:

“ಆನಿಕೆರಿ ನೀರಾಗ ಇಳದೈತಿ ನೋಡ್ರಿ ಆಕಾಶ,
ಕಾನ್ವೆಂಟಿನ ಇಂಗ್ಲಿಷ್ ಮರಸ್ಯಾರ ನಮ್ಮ ಪ್ರಕಾಶ.”

ಅವತ್ತಿನಿಂದ ಅವರ ಬಾಯಲ್ಲಿ ನನ್ನ ಹೆಸರೇ ಕಾನ್ವೆಂಟ.

ಅವರು ಹತ್ತಿರ ಬಂದರೆ ಕರ್ಪೂರ, ಪುದೀನದಂಥ ಒಂದು ವಾಸನೆ ಬರುತ್ತಿತ್ತು. ದಿನಾ ಇಷ್ಟಲಿಂಗ ಪೂಜೆ ತಪ್ಪಿಸಿದವರಲ್ಲ; ಆದರೆ ವಿಭೂತಿಯನ್ನು ತಲೆನೋವಿನ ಮುಲಾಮಿನ ಹಳೇ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಹಣೆಯ ಮೇಲಿನ ಮೂರು ಬೆರಳಿನ ಪಟ್ಟೆ ಭಕ್ತಿಯೋ ತಲೆನೋವೋ ಹೊಸಬರಿಗೆ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಸರಕಾರಿ ಕಚೇರಿಯ ಕಿಟಕಿಯಲ್ಲಿ ಗುಮಾಸ್ತ “ಗಂಡನ ಹೆಸರು?” ಎಂದು ಕೇಳಿದ. ಇವರು ಸೆರಗು ಸಿಕ್ಕಿಸಿ, ಮೂಗುತಿ ಮುಟ್ಟಿ, ಕಿಟಕಿಯ ಸರಳಿಗೆ ಠಣ್ ಎಂದು ಹೊಡೆದು ಒಡಪು ಹೇಳಿದರು. ಹಿಂದಿನ ಸಾಲು ಪೂರ್ತಿ ನಕ್ಕಿತು. ಗುಮಾಸ್ತ ಪೆನ್ನು ಕೆಳಗಿಟ್ಟು, “ಇನ್ನೊಮ್ಮೆ ಹೇಳ್ರಿ ಅಕ್ಕಾರ, ನಮ್ಮ ಸಾಹೇಬ್ರೂ ಕೇಳ್ಲಿ,” ಎಂದು ಒಳಗಿನವರನ್ನು ಕರೆದ. ಅಕ್ಕಾರ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಅವರು ಕೆಮ್ಮಿದರು. ಅದು ಅವರ ಪಾಲಿನ ಮಾತು.

ಕಟ್ಟೆಯ ಮೇಲೆ ದಿನಾ ಮಧ್ಯಾಹ್ನ ಕೂಡುತ್ತಿದ್ದವರು ನಾಲ್ಕೇ ಜನ. ಅಕ್ಕಾರು ಮತ್ತು ನಾನು. ಆಮೇಲೆ ಶಮೀಮ, ಸವಣೂರಿನ ಮಗಳು, ಗಂಡನದು ಬಸ್ಟ್ಯಾಂಡ್ ಹತ್ತಿರ ಖಾರದ, ಅಂದರೆ ಸೇವು-ಚೂಡಾದ ಅಂಗಡಿ. ಅವಳು ಬಂದರೆ ಬಿಸಿ ಖಾರದ ಪೊಟ್ಟಣವೂ ಬಂತೆಂದೇ ಅರ್ಥ. ಅವಳಿಗೂ ಅಕ್ಕಾರು ಒಡಪು ಕಟ್ಟಿದ್ದರು, ಅವಳು ಕೇಳದಿದ್ದರೂ:

“ಸವಣೂರ ಎಲಿ ತಿಂದ್ರ ತುಟಿ ಕೆಂಪ ಜೋರ,
ಖಾರದ ಅಂಗಡ್ಯಾಗ ಸಿಹಿ ಮಾತು ನಮ್ಮ ದಾದಾಪೀರ.”

ಇದನ್ನು ಕೇಳಿ ದಾದಾಪೀರ ಸಾಹೇಬರು ಒಂದು ವಾರ ಅಕ್ಕಾರಿಗೆ ಖಾರವನ್ನು ಪುಕ್ಕಟೆ ಕಳಿಸಿದರಂತೆ. ನಾಲ್ಕನೆಯವಳು ಸುಮಂಗಲಾ. ತವರು ಶಿಗ್ಗಾಂವಿ. ಗಂಡ ತೀರಿಕೊಂಡಿದ್ದ, ವಿದ್ಯಾ ಎಂಬ ಒಬ್ಬಳೇ ಮಗಳು. ಸುಮಂಗಲಾ ತಲೆ ಬಾಚಿ ಹೆರಳು ಹಾಕದೆ ಕಟ್ಟೆಗೆ ಬಂದವಳಲ್ಲ. ಮಾತು ಕಡಿಮೆ.

ಕಟ್ಟೆಯ ಮೇಲೆ ಎಲ್ಲವೂ ಕೈ ಎತ್ತಿ ತೀರ್ಮಾನವಾಗಬೇಕು. ಚಹಾಕ್ಕೆ ಶುಂಠಿಯೋ ಏಲಕ್ಕಿಯೋ, ಶ್ರಾವಣದಲ್ಲಿ ಯಾವ ಊರಿಗೆ ಹೋಗುವುದು, ಮೂಲೆಯ ಬೇವಿನ ಟೊಂಗೆ ಕಡಿಯಬೇಕೋ ಬೇಡವೋ, ಎಲ್ಲಕ್ಕೂ “ಕೈ ಎತ್ರಿ!” ಎಂದು ಅಕ್ಕಾರು ಕೂಗುತ್ತಿದ್ದರು. ಕೈಗಳು ಸಮವಾದರೆ ಅವರು ತಮ್ಮ ಇನ್ನೊಂದು ಕೈಯನ್ನೂ ಎತ್ತುತ್ತಿದ್ದರು. “ಕಟ್ಟಿ ನಂದೈತಿ,” ಎಂದರೆ ಮುಗಿಯಿತು. ಎರಡೂ ಕೈ ಮೇಲೆತ್ತಿ ಕುಳಿತ ಅವರನ್ನು ನೋಡಿ ದಾರಿಯಲ್ಲಿ ಹೋಗುವವರು ಏನಾಯಿತೋ ಎಂದು ನಿಲ್ಲುತ್ತಿದ್ದರು.

ಒಮ್ಮೆ ಆಡೂರಿಗೆ ಹೋಗುವುದೋ ತಿಳವಳ್ಳಿಗೋ ಎಂದು ಕೈ ಎತ್ತಿದೆವು. ಆಡೂರು ಗೆದ್ದಿತು. ತಿಳವಳ್ಳಿಯಲ್ಲಿ ಗೆಳತಿಯಿದ್ದ ಶಮೀಮ ಒಬ್ಬಳೇ ಸೋತಳು, ದಾರಿಯುದ್ದಕ್ಕೂ ಮುಖ ಊದಿಸಿಕೊಂಡಳು. ಬಸ್ಸಿಳಿದ ಮೇಲೆ ಅಕ್ಕಾರು ಏನೂ ಹೇಳದೆ ಶಮೀಮಳ ಬುತ್ತಿ ಡಬ್ಬಿಯನ್ನು ಕಸಿದುಕೊಂಡು ತಮ್ಮ ತಲೆಯ ಮೇಲೆ ಇಟ್ಟುಕೊಂಡು ನಡೆದರು. “ಗೆದ್ದವ್ರು ಸೋತವ್ರ ಡಬ್ಬಿ ಹೊರಬೇಕು. ಇಲ್ಲಂದ್ರ ಗೆದ್ದದ್ದಕ್ಕ ಏನ್ ಬೆಲಿ?” ಎಂದರು. ಅದೇ ಕಟ್ಟೆಯ ಕಾಯಿದೆಯಾಯಿತು. ಆಡೂರಿನಲ್ಲಿ ಹಳೇ ಶಾಸನದ ಕಲ್ಲಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತರು. ಏನು ಬರೆದಿದೆ ಎಂದು ನಾವು ಕೇಳಿದೆವು. “ರಾಣಿ ರಾಜನ ಹೆಸರು ಹೇಳಿದ ಒಡಪು. ಪ್ರಾಸ ಅಷ್ಟಕ್ಕಷ್ಟ,” ಎಂದರು.

ಆ ವರ್ಷ ಟಿವಿಯಲ್ಲಿ ಹೆಣ್ಣು ಹೆಣ್ಣಿನ, ಗಂಡು ಗಂಡಿನ ಮದುವೆಯದೇ ಸುದ್ದಿ. ಅದಕ್ಕೆ ಒಪ್ಪಿಗೆ ಕೊಡುವುದು ತಮ್ಮ ಕೆಲಸವಲ್ಲ, ಕಾನೂನು ಮಾಡುವವರ ಕೆಲಸ ಎಂದು ದೊಡ್ಡ ಕೋರ್ಟು ಹೇಳಿತ್ತು. ಅಕ್ಕಾರು ಖಾರ ಮೆಲ್ಲುತ್ತ ತೀರ್ಪು ಕೊಟ್ಟರು.

“ಛಲೋ ಆತು. ಮಂದಿ ಆರಿಸಿ ಕಳಿಸಿದವ್ರು ಕುಂತು ನೋಡ್ಲಿ. ಹೆಚ್ಚು ಮಂದಿ ಏನಂತಾರ ಅದ ಆಗ್ಲಿ.”

“ಹೆಚ್ಚು ಮಂದಿ ಅಂದ್ರ ಯಾರ್ರಿ ಅಕ್ಕಾರ?” ಎಂದಳು ಶಮೀಮ.

“ಹೆಚ್ಚು ಮಂದಿ ಅಂದ್ರ ಹೆಚ್ಚು ಮಂದಿ.”

“ಅಂದ್ರ ನಾಳೆ ಓಣ್ಯಾಗ ಕೈ ಎತ್ತಸ್ತೀರಿ, ಶಮೀಮನ ಮನ್ಯಾಗ ಏನ್ ಅಡಿಗಿ ಆಗ್ಬೇಕು ಅಂತ. ಎಲ್ಲಾರೂ ಬದ್ನಿಕಾಯಿ ಅಂದ್ರ ನಾ ಬದ್ನಿಕಾಯಿನ ಮಾಡ್ಬೇಕೇನು?”

“ಹಂಗಂದ್ರ ಹೆಣ್ಣು ಹೆಣ್ಣು ಲಗ್ನಾಗೂದು ನಿನಗ ಒಪ್ಪಿಗಿ ಏನು?”

“ತೋಬಾ! ನಮ್ಮ ದೀನದಾಗ, ಧರ್ಮದಾಗ ಇಲ್ರಿ, ನಾ ಒಪ್ಪಂಗಿಲ್ಲ. ಆದ್ರ ನಾ ಒಪ್ಪಂಗಿಲ್ಲ ಅನ್ನೂದು ಬ್ಯಾರೆ, ಎಲ್ಲಾರೂ ಕೂಡಿ ಅವ್ರಿಗೆ ಬ್ಯಾಡ ಅನ್ನೂದು ಬ್ಯಾರೆ.”

“ಎರಡೂ ಒಂದ ಅಲ್ಲೇನ?”

“ಬದ್ನಿಕಾಯಿ ನನಗ ಸೇರೂದಿಲ್ಲ. ಹಂಗಂತ ನಿಮ್ಮ ಗಂಗಾಳದಾಗಿಂದು ಕಸಗೊಂತೇನೇನು?”

ನಾನು ನಕ್ಕುಬಿಟ್ಟೆ. ಅಕ್ಕಾರು ನನ್ನ ಕಡೆ ತಿರುಗಿದರು. “ಏ ಕಾನ್ವೆಂಟ, ನೀ ಏನಂತಿ?”

“ಯಾರ ಕೂಡ ಬಾಳ್ಬೇಕು ಅನ್ನೂದು ಬಾಳೇ ಮಾಡವ್ರಿಗೆ ಬಿಟ್ರ ಛಲೋ ಅಲ್ಲೇನ್ರಿ?”

“ಇದನ್ನ ಸಿಸ್ಟರ್ ಕಲಿಸಿದ್ರೇನು?”

“ಇಲ್ರಿ. ಸಿಸ್ಟರೂ ಒಪ್ಪೂದಿಲ್ಲ.”

“ನೋಡ್ರಿ!” ಶಮೀಮ ತೊಡೆ ತಟ್ಟಿ ನಕ್ಕಳು. “ನಿಮ್ಮ ಮಠ, ನಮ್ಮ ಮಸೂತಿ, ಇವರ ಸಿಸ್ಟರ್, ಮೂವರೂ ಒಂದ ಮಾತಿಗೆ ಬಂದಾರ. ಇದೊಂದರಾಗ ಆದ್ರೂ ಒಗ್ಗಟ್ಟಾತು.”

ಅಕ್ಕಾರೂ ನಕ್ಕರು, ಖಾರ ನೆತ್ತಿಗೇರಿ ಕೆಮ್ಮಿದರು. ಸುಮಂಗಲಾ ಮಾತ್ರ ನಗಲಿಲ್ಲ. ಅವಳು ತೊಡೆಯ ಮೇಲೆ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು. ಸಿಪ್ಪೆಯನ್ನು ಬೋಗುಣಿಗೂ ಕಾಳನ್ನು ಕಸದ ರಾಶಿಗೂ ಹಾಕುತ್ತಿದ್ದಳು. ನಾನು ಅದನ್ನು ನೋಡಿದೆ.

ಮುಂದೆ ಕೆಲವು ದಿನ ಸುಮಂಗಲಾ ಕಟ್ಟೆಗೆ ಬರಲಿಲ್ಲ. ಬಂದ ದಿನ ತಲೆ ಬಾಚಿರಲಿಲ್ಲ. ಕುಳಿತವಳೇ ಹೇಳಿದಳು: “ನಮ್ಮ ವಿದ್ಯಾಂದು ಲಗ್ನ.”

“ಅಯ್ಯ, ಈಗ ಹೇಳ್ತಿಯಲ್ಲ!” ಎಂದ ಅಕ್ಕಾರು ಆಗಲೇ ಸೆರಗು ಸಿಕ್ಕಿಸಿದ್ದರು. ವಿದ್ಯಾ ಈ ಕಟ್ಟೆಯ ಮೇಲೆಯೇ ಬೆಳೆದವಳು. ಲಂಗ ಹಾಕುವ ವಯಸ್ಸಿಗೇ ಗೊಂಬೆಗೆ ಮದುವೆ ಮಾಡಿ ಗೊಂಬೆಯ ಬಾಯಲ್ಲಿ ಒಡಪು ಹೇಳಿಸುತ್ತಿದ್ದಳು. ಪ್ರಾಸ ತಪ್ಪಿದರೆ ಅಕ್ಕಾರು ಗೊಂಬೆಗೆ ಬೈಯುತ್ತಿದ್ದರು. ಈಗ ಹುಬ್ಬಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅಕ್ಕಾರ ಕೈ ಮೂಗುತಿಯ ಹತ್ತಿರ ಹೋಗಿತ್ತು. “ಹುಡುಗನ ಹೆಸರು ಹೇಳು.”

“ನಂದಿನಿ,” ಎಂದಳು ಸುಮಂಗಲಾ.

ಅಕ್ಕಾರ ಕೈ ಅಲ್ಲೇ ನಿಂತಿತು. ಸುಮಂಗಲಾ ನೆಲ ನೋಡುತ್ತ ಉಳಿದದ್ದನ್ನು ಹೇಳಿದಳು. ಇಬ್ಬರೂ ಒಂದೇ ಮನೆಯಲ್ಲಿದ್ದು ಬಹಳ ಕಾಲವಾಯಿತು. ಗೆಳತಿಯರು ಎಂದೇ ಇವಳು ತಿಳಿದಿದ್ದಳು, ಅಥವಾ ಹಾಗೆಂದು ತನಗೆ ತಾನೇ ಹೇಳಿಕೊಂಡಿದ್ದಳು. ಮೊದಲು ಅತ್ತಳು, ಆಮೇಲೆ ಬೈದಳು, ಆಮೇಲೆ ಮಗಳ ಜ್ವರದಲ್ಲಿ ಆ ಹುಡುಗಿ ರಾತ್ರಿಯಿಡೀ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತದ್ದನ್ನು ನೋಡಿದಳು. ಈಗ ಶಿಗ್ಗಾಂವಿಯ ತವರುಮನೆಯಲ್ಲಿ ಹತ್ತಿರದವರನ್ನಷ್ಟೇ ಕರೆದು ಹಾರ ಹಾಕಿಸುತ್ತಾಳೆ.

“ಕಾಯಿದೆ ಪ್ರಕಾರ ಅದು ಲಗ್ನ ಅಲ್ರಿ, ನನಗ ಗೊತ್ತೈತಿ. ವಿದ್ಯಾ ಅಂದ್ಲು, ಸರಕಾರದ ಕಾಗದ ಸಿಗೂದಿಲ್ಲವ್ವಾ, ಅಕ್ಕಾರ ಒಡಪರ ಸಿಗಲಿ ಅಂತ. ಈ ಓಣ್ಯಾಗಿಂದ ಹೋದ ಹುಡುಗ್ಯಾರಿಗೆಲ್ಲಾ ಕೊಟ್ಟೀರಿ. ನನ್ನ ಮಗಳೊಬ್ಬಾಕಿ ಬರಿ ಬಾಯಿಲೆ ಹೋಗ್ಬೇಕೇನ್ರಿ?”

ಬ್ಯಾಡಗಿ ಮೆಣಸಿನಕಾಯಿಯ ಗಾಡಿಯೊಂದು ಓಣಿಯಲ್ಲಿ ಹೋಯಿತು. ಅದು ಮೂಲೆ ತಿರುಗುವವರೆಗೂ ಅಕ್ಕಾರು ಅದನ್ನೇ ನೋಡಿದರು.

“ಹುಡುಗಿ ಯಾವೂರಾಕಿ?” ಎಂದರು ಕೊನೆಗೆ.

“ನಿಮ್ಮೂರಾಕಿನರಿ. ಹಿರೇಕೆರೂರು.”

“ಹಿರೇಕೆರೂರು ಏನ್ ಪಾಪ ಮಾಡಿತ್ತೋ ಶಿವನ!” ಎಂದು ಅಕ್ಕಾರು ಎರಡೂ ಕೈಯಿಂದ ಹಣೆ ಹಿಡಿದುಕೊಂಡರು. ವಿಭೂತಿ ಅಳಿಸಿತು. ಆಮೇಲೆ, “ಸುಮಾ, ನಾ ನಂಬದ್ದನ್ನ ನನ್ನ ಬಾಯಿ ಹೇಳೂದಿಲ್ಲ. ನನ್ನ ಒಡಪು ಅಂದ್ರ ನನ್ನ ಆಶೀರ್ವಾದ. ಇರ್ಲಿ, ಕಟ್ಟಿ ಕಾಯಿದೆ ಐತಿ. ಕೊಡಬೇಕು ಅನ್ನವ್ರು ಕೈ ಎತ್ರಿ,” ಎಂದರು.

ಸುಮಂಗಲಾ ಕೈ ಎತ್ತಿದಳು. ನಾನು ಎತ್ತಿದೆ. ಶಮೀಮ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. “ನಾ ಈಕಡಿನೂ ಎತ್ತೂದಿಲ್ಲ, ಆಕಡಿನೂ ಎತ್ತೂದಿಲ್ರಿ. ಒಂದು ಹುಡುಗಿ ಬಾಳೇಕ್ಕ ಕೈ ಎಣಸೂದ ನನಗ ಸರಿ ಕಾಣೂದಿಲ್ಲ.”

“ಬ್ಯಾಡ ಅನ್ನವ್ರು?” ಎಂದು ಅಕ್ಕಾರು ಕೇಳಿ, ಬಲಗೈ ಎತ್ತಿದರು. ನಮ್ಮ ಕಡೆ ನೋಡಿದರು. ಎಡಗೈಯನ್ನೂ ಎತ್ತಿದರು. ಸಮವಾಯಿತು. ಎತ್ತಲು ಅವರಿಗೆ ಇನ್ನೊಂದು ಕೈ ಇರಲಿಲ್ಲ. ಬೇರೆ ದಿನವಾಗಿದ್ದರೆ ಶಮೀಮ, “ಕಾಲ ಎತ್ರಿ ಅಕ್ಕಾರ!” ಅನ್ನುತ್ತಿದ್ದಳು.

ಸುಮಂಗಲಾ ನಿಧಾನವಾಗಿ ತನ್ನ ಕೈ ಇಳಿಸಿದಳು. “ಒಲ್ಲದ ಮನಸ್ಸಿನ ಒಡಪು ನನ್ನ ಮಗಳಿಗೆ ಬ್ಯಾಡ್ರಿ. ನೀವ ಗೆದ್ರಿ.”

ಗೆದ್ದವರು ಎರಡೂ ಕೈ ಮೇಲೆತ್ತಿಕೊಂಡೇ ಕೂತಿದ್ದರು. ಇಳಿಸಲು ನೆನಪಾಗಲಿಲ್ಲವೋ ಏನೋ.

ಲಗ್ನದ ದಿನ ಬೆಳಿಗ್ಗೆ ಸುಮಂಗಲಾ ಬೇಸನ್ ಉಂಡಿ ತುಂಬುತ್ತಿದ್ದಳು. ನಾನೂ ಶಮೀಮಳೂ ಅಲ್ಲೇ ಇದ್ದೆವು. ಶಮೀಮ ತನ್ನ ಧರ್ಮ ಒಪ್ಪದ ಲಗ್ನಕ್ಕೆ ಹೋಗುತ್ತಿಲ್ಲ, ಗೆಳತಿಯ ಜೊತೆಗೆ ಹೋಗುತ್ತಿದ್ದೇನೆ ಎಂದು ಎಲ್ಲರಿಗೂ ಹೇಳಿದ್ದಳು. ಹೊಸ ಸೀರೆಯನ್ನಂತೂ ಉಟ್ಟಿದ್ದಳು. ಆಗ ಬಾಗಿಲಲ್ಲಿ ಪುದೀನದ ವಾಸನೆ ಬಂತು. ಅಕ್ಕಾರು ಕಂಕುಳಲ್ಲಿ ದೊಡ್ಡ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದರು.

“ಈ ಗುಬ್ಬಿ ಡಬ್ಬ್ಯಾಗ ಯಾರಾದ್ರೂ ಲಗ್ನದ ಉಂಡಿ ತುಂಬತಾರೇನು? ಇದಕ್ಕ ಹಾಕು.”

“ನೀವು ಬರ್ತೀರೇನ್ರಿ?” ಸುಮಂಗಲಾ ಕೇಳಿದಳು.

“ಲಗ್ನಕ್ಕ ಬರಾಕತ್ತಿಲ್ಲ. ಗೆದ್ದೇನಿ, ಡಬ್ಬಿ ಹೊರಾಕ ಬಂದೇನಿ. ಕಾಯಿದೆ ಅಂದ್ರ ಕಾಯಿದೆ.”

ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ, ಸೀಟು ಸಿಗುವುದು ಪುಣ್ಯ. ಶಿಗ್ಗಾಂವಿ ಬಸ್ಸಿನಲ್ಲಿ ಅಕ್ಕಾರು ಡಬ್ಬಿಯನ್ನು ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡಿದ್ದರು. ಪಕ್ಕದಲ್ಲಿ ಬಂಕಾಪುರಕ್ಕೆ ಹೊರಟ ಹೆಂಗಸೊಬ್ಬಳು ಮಾತು ತೆಗೆದಳು.

“ಇಷ್ಟ ದೊಡ್ಡ ಡಬ್ಬಿ! ಲಗ್ನಕ್ಕೇನ್ರಿ?”

ಅಕ್ಕಾರು ಸುಳ್ಳು ಹೇಳುವವರಲ್ಲ. “ಹೂಂ. ನಮ್ಮ ಓಣಿ ಹುಡುಗೀದು.”

“ಬೀಗರದು ಯಾವೂರು?”

“ಹಿರೇಕೆರೂರು.”

“ನೌಕ್ರಿ?”

“ಹುಬ್ಬಳ್ಳ್ಯಾಗ ಲ್ಯಾಬಿನ್ಯಾಗ. ರಕ್ತ ತಪಾಸಣಿ ಮಾಡೂದು.”

“ಕುಡಿಯೂದು ಗಿಡಿಯೂದು?”

“ಇಲ್ಲ.”

“ಗುಟಕಾ?”

“ಮುಟ್ಟೂದಿಲ್ಲ.”

“ಸಿಟ್ಟಿನ್ಯಾಗ ಹುಡುಗಿ ಮ್ಯಾಲ ಕೈ ಮಾಡೂದು?”

“ಛೇ ಛೇ. ದಿನಾ ಅಡಿಗಿ ಮಾಡಿ ಹಾಕೂದೈತಂತ.”

ಆ ಹೆಂಗಸು ಕೆನ್ನೆಗೆ ಕೈ ಹಚ್ಚಿದಳು. “ಯವ್ವಾ, ಇಂಥಾ ವರ ಎಲ್ಲಿ ಸಿಕ್ತರಿ? ಅವಗ ತಮ್ಮ ಇದ್ರ ಹೇಳ್ರಿ, ನಾವೂ ಹುಡುಗಿಗೆ ನೋಡಾಕತ್ತೇವಿ!”

ಶಮೀಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಸುಮಂಗಲಾಳ ಬೆನ್ನು ಅಲುಗಾಡುತ್ತಿತ್ತು. ಅಳುತ್ತಿದ್ದಾಳೆಂದು ಮುಖ ನೋಡಿದರೆ, ಎಷ್ಟೋ ವಾರಗಳ ಮೇಲೆ ನಗುತ್ತಿದ್ದಳು. ಬಂಕಾಪುರದಲ್ಲಿ ಇಳಿಯುವಾಗ ಆ ಹೆಂಗಸು, “ಕಣ್ಣ ಮುಚ್ಚಿ ಕೊಡ್ರಿ,” ಎಂದು ಹೇಳಿಯೇ ಇಳಿದಳು. ಅಕ್ಕಾರು ಕಿಟಕಿಯ ಹೊರಗೆ ನೋಡುತ್ತ ಹೇಳಿದರು, “ನಾ ಒಂದೂ ಸುಳ್ಳು ಹೇಳಿಲ್ಲ. ಕೇಳಬೇಕಾದ್ದನ್ನ ಆಕಿನ ಕೇಳಲಿಲ್ಲ.”

ಶಿಗ್ಗಾಂವಿಯ ಮನೆ ಹಳೇದು, ದೊಡ್ಡ ಹೊಸ್ತಿಲು, ಮಾವಿನ ತೋರಣ. ವಿದ್ಯಾ ಹಸಿರು ಸೀರೆಯುಟ್ಟು ಒಳಗೆ ಕೂತಿದ್ದಳು. ಡಬ್ಬಿ ಹೊತ್ತು ಬಂದ ಅಕ್ಕಾರನ್ನು ನೋಡಿ ಎದ್ದು ನಿಂತಳು, ಕಾಲು ಮುಟ್ಟಲೋ ಬೇಡವೋ ಎಂದು ಅನುಮಾನಿಸಿದಳು. ಅಕ್ಕಾರು, “ಉಂಡಿ ಎಲ್ಲಿ ಇಡ್ಲಿ?” ಎಂದಷ್ಟೇ ಕೇಳಿ ಅಡುಗೆಮನೆಗೆ ಹೋದರು.

ಸ್ವಲ್ಪ ಹೊತ್ತಿಗೆ ನಂದಿನಿ ಬಂದಳು. ಒಬ್ಬಳೇ ಬಂದಳು. ಅವಳ ಮನೆಯವರು ಯಾರೂ ಬಂದಿರಲಿಲ್ಲ. ಹಳದಿ ಸೀರೆ, ಸೆರಗಿಗೆ ಮೂರು ಕಡೆ ಪಿನ್ನು, ಕೈಯಲ್ಲಿ ತಾನೇ ಹಿಡಿದು ತಂದ ಹೂವಿನ ಹಾರದ ಪ್ಲಾಸ್ಟಿಕ್ ಚೀಲ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಳು. ಅವಳಿಗೂ ಪದ್ಧತಿ ಗೊತ್ತಿತ್ತು, ಅಡ್ಡಗಟ್ಟುವವರಿಗಾಗಿ ಕಾಯುತ್ತಿದ್ದಳು. ಒಳಗಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಯಾರೂ ಮುಂದೆ ಬರಲಿಲ್ಲ. ಸುಮಂಗಲಾಳ ಅತ್ತಿಗೆ, “ಸುಮ್ನ ಬಾರವಾ ಒಳಗ,” ಎಂದು ಮೆಲ್ಲಗೆ ಕರೆದಳು. ಬಾಗಿಲು ಅಷ್ಟು ಅಗಲ ತೆರೆದಿತ್ತು. ಆದರೂ ಆ ಹುಡುಗಿ ಕಾಲೆತ್ತಲಿಲ್ಲ. ಯಾರೂ ತಡೆಯದ ಬಾಗಿಲನ್ನು ದಾಟಿ ಬರುವುದು ಸೊಸೆಯಲ್ಲ, ದಾರಿಹೋಕರು. ಅವಳ ಕಣ್ಣು ತುಂಬಿತು.

ಅಡುಗೆಮನೆಯಿಂದ ಅಕ್ಕಾರು ಇದನ್ನೆಲ್ಲ ನೋಡುತ್ತಿದ್ದರು. ಸೆರಗು ಸೊಂಟಕ್ಕೆ ಹೋಯಿತು. ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ಹಿಡಿದು ದಡದಡ ನಡೆದು ಬಂದು ಹೊಸ್ತಿಲಿಗೆ ಅಡ್ಡ ನಿಂತರು. ತೋಳು ಚಾಚಿ ಬಾಗಿಲಿನ ಚೌಕಟ್ಟು ಹಿಡಿದರು. ಸುಮಂಗಲಾಳ ಜೀವ ಹಾರಿತು. ಓಡಿ ಬಂದು, “ಅಕ್ಕಾರ, ಕೈ ಮುಗೀತೇನ್ರಿ,” ಎಂದಳು.

“ನೀ ಸುಮ್ನ ಇರು. ಈ ಮನ್ಯಾಗ ಖರೇನ ವಿರೋಧ ಇರಾಕಿ ನಾ ಒಬ್ಬಾಕಿನ. ಅಡ್ಡಗಟ್ಟೂದು ನನ್ನ ಕೆಲಸ.” ಮುಚ್ಚಳ ಹಿಡಿದ ಕೈಯ ಉಂಗುರದಿಂದಲೇ ಅದರ ಮೇಲೆ ಠಣ್ ಎಂದು ಹೊಡೆದರು. “ಹೆಸರು ಹೇಳು. ಹೇಳದ ಒಳಗ ಬಿಡೂದಿಲ್ಲ.”

ನಂದಿನಿ ಮೂಗು ಒರೆಸಿಕೊಂಡು ಗಡಿಬಿಡಿಯಲ್ಲಿ ಶುರುಮಾಡಿದಳು. “ಗುಲಾಬಿ ಹೂ ಕೆಂಪಗ ಇರ್ತೈತಿ, ಮಲ್ಲಿಗಿ ಹೂ ಬೆಳ್ಳಗ ಇರ್ತೈತಿ, ನನಗ ವಿದ್ಯಾ ಅಂದ್ರ ಇಷ್ಟ.”

ಅಕ್ಕಾರು ಹಲ್ಲು ನೋವು ಬಂದವರಂತೆ ಮುಖ ಮಾಡಿದರು. “ಪ್ರಾಸ ಎಲ್ಲೈತಿ ಇದಕ? ಹಿರೇಕೆರೂರಾಕಿ ಅಂತ ಹೊರಗ ಹೇಳಬ್ಯಾಡ. ನಮ್ಮೂರ ಮರ್ಯಾದಿ ತಗೀತಿ. ಇನ್ನೊಮ್ಮೆ!”

ನಂದಿನಿ ಇನ್ನೊಮ್ಮೆ ಹೇಳಿದಳು. ಅದು ಮೊದಲಿನದಕ್ಕಿಂತ ಕೆಟ್ಟದಿತ್ತು. ಒಳಗೆ ಎಲ್ಲರೂ ನಗಲು ಶುರುಮಾಡಿದ್ದರು. ಶಮೀಮ, “ಅಕ್ಕಾರ, ಒಂದ ಸಾಲರ ಹೇಳಿಕೊಡ್ರಿ,” ಎಂದು ಕೂಗಿದಳು. “ನಾ ಕೊಡೂದಿಲ್ಲ ಅಂತ ಕೈ ಎತ್ತೇನಿ. ಬೇಕಂದ್ರ ಆಕಿನ ಹುಡುಕ್ಲಿ,” ಎಂದು ಅಕ್ಕಾರು ಕದಲಲಿಲ್ಲ. ಚಾಚಿದ ತೋಳನ್ನೂ ಇಳಿಸಲಿಲ್ಲ. ನಂದಿನಿ ಕಣ್ಣು ಮುಚ್ಚಿ ತುಟಿ ಅಲುಗಾಡಿಸಿದಳು. ಆಮೇಲೆ ಕಣ್ಣು ತೆರೆದು, ಅಡ್ಡ ನಿಂತವರ ಮುಖವನ್ನೇ ನೋಡುತ್ತ ಹೇಳಿದಳು:

“ಲ್ಯಾಬಿನ್ಯಾಗ ರಕ್ತ ನೋಡಾಕಿ, ನನಗ ಬರೂದಿಲ್ಲರಿ ಪದ್ಯಾ,
ಬಾಗಲಾ ಬಿಡ್ರಿ ಅಕ್ಕಾರ, ಕಾಯಾಕತ್ತಾಳ ನಮ್ಮ ವಿದ್ಯಾ.”

ಮನೆ ಗೊಳ್ಳೆಂದಿತು. ಹೆಸರು ಹೇಳಿದವರನ್ನು ತಡೆಯುವ ಹಾಗಿಲ್ಲ. ಅದು ಕಟ್ಟೆಯ ಕಾಯಿದೆಗಿಂತ ಹಳೇ ಕಾಯಿದೆ. ಅಕ್ಕಾರ ತೋಳು ಕೆಳಗೆ ಇಳಿಯಿತು. ಅವರು ಪಕ್ಕಕ್ಕೆ ಸರಿದರು. ನಂದಿನಿ ಬಲಗಾಲಿಟ್ಟು ಒಳಗೆ ಬಂದಳು.

ಊಟದ ಹೊತ್ತಿನಲ್ಲಿ ವಿದ್ಯಾಳ ಸರದಿ. ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಅಕ್ಕಾರ ಕಟ್ಟ್ಯಾಗ ಕಲತ ಒಡಪು ಇಲ್ಲಿತನಕ ತಂದೀನಿ,
ಕೈ ಎತ್ತಲಿ ಬಿಡಲಿ ಯಾರರ, ನನ್ನಾಕಿ ನಂದಿನಿ.”

ಎಲ್ಲರೂ ಅಕ್ಕಾರ ಕಡೆ ನೋಡಿದೆವು. ಅವರು ಬಾಯಲ್ಲಿದ್ದ ಉಂಡಿಯನ್ನು ಪೂರ್ತಿ ನುಂಗಿ, ನೀರು ಕುಡಿದು, ಮೂಗುತಿ ಸರಿಮಾಡಿಕೊಂಡರು. “ಪ್ರಾಸ ಛಲೋ ಐತಿ. ಅರ್ಥ ನಾ ಒಪ್ಪೂದಿಲ್ಲ,” ಎಂದರು.

ಕೊನೆಯವರೆಗೂ ಒಪ್ಪಲಿಲ್ಲ. ಕಟ್ಟೆಯ ಮೇಲೆ ಅದೇ ಜಗಳ, ಅದೇ ಬದನೆಕಾಯಿ. ಆದರೆ ಅವಸರದಲ್ಲಿ ಡಬ್ಬಿಯನ್ನು ಶಿಗ್ಗಾಂವಿಯಲ್ಲಿ ಮರೆತು ಬಂದಿದ್ದರು. ಹುಡುಗಿಯರು ಅದನ್ನು ಹುಬ್ಬಳ್ಳಿಗೆ ಒಯ್ದು, ಚಕ್ಕುಲಿ ತುಂಬಿ ಬಸ್ಸಿನಲ್ಲಿ ಕಳಿಸಿದರು. ಡಬ್ಬಿಯನ್ನು ಖಾಲಿ ತಿರುಗಿಸುವುದು ನಮ್ಮಲ್ಲಿ ಇಲ್ಲ. ಅಕ್ಕಾರು ಚಕ್ಕುಲಿ ತಿಂದು, “ಅಕ್ಕಿ ಹಿಟ್ಟು ಹೆಚ್ಚಾಗೇತಿ,” ಎಂದು ಕೊಂಕು ತೆಗೆದು, ಕರ್ಚಿಕಾಯಿ ತುಂಬಿ ಕಳಿಸಿದರು. ಅದು ಅವಲಕ್ಕಿ ತುಂಬಿಕೊಂಡು ಬಂತು. ಇವರು ಮಾದಲಿ ಕಳಿಸಿದರು. ಶಮೀಮ ಕೆಣಕಿದರೆ, “ಒಪ್ಪಿಲ್ಲ ಅಂತ ಡಬ್ಬಿ ಖಾಲಿ ಕಳಸಾಕ ಬರ್ತೈತೇನ?” ಎಂದು ಎಗರಿ ಬೀಳುತ್ತಿದ್ದರು.

ಕಳೆದ ವರ್ಷ ಒಂದು ಬೆಳಿಗ್ಗೆ ಪೂಜೆಗೆ ಕೂತವರು ಹಾಗೆಯೇ ಗೋಡೆಗೆ ಒರಗಿದರು. ಅಷ್ಟೇ. ಮಣ್ಣಿಗೆ ಹುಡುಗಿಯರಿಬ್ಬರೂ ಬಂದಿದ್ದರು, ಹೆಂಗಸರ ನಡುವೆ ಕೂತು ಅತ್ತು ಹೋದರು. ಕಾರ್ಯ ಎಲ್ಲ ಮುಗಿದ ಮೇಲೆ ಅಕ್ಕಾರ ಸೊಸೆ ನನ್ನನ್ನು ಕರೆದಳು. “ಹಿಂದಿನ ದಿನ ಶೇಂಗಾ ಹೋಳಿಗಿ ಮಾಡಿ ತುಂಬಿಟ್ಟಿದ್ರು. ಯಾರಿಗಂತ ಗೊತ್ತಿಲ್ರಿ,” ಎಂದು ಡಬ್ಬಿ ತೋರಿಸಿದಳು. ಯಾರಿಗೆಂದು ನನಗೆ ಗೊತ್ತಿತ್ತು.

ಖಾಲಿ ಕಟ್ಟೆಯ ಮೇಲೆ ಡಬ್ಬಿಯನ್ನು ನಡುವೆ ಇಟ್ಟುಕೊಂಡು ಮೂವರು ಕೂತೆವು. “ಇದನ್ನ ನಾವ ಒಯ್ಬೇಕು ಅನ್ನವ್ರು ಕೈ ಎತ್ರಿ,” ಎಂದೆ ನಾನು. ನನ್ನ ದನಿ ಅವರಷ್ಟು ದೊಡ್ಡದಲ್ಲ. ಸುಮಂಗಲಾ ಎತ್ತಿದಳು. ಶಮೀಮ, “ಇದಕ್ಕ ನನ್ನ ದೀನು ಅಡ್ಡ ಬರೂದಿಲ್ಲ,” ಎಂದು ಎತ್ತಿದಳು. ನಾವು ಮೂವರೂ ಗೆದ್ದೆವು. ಸೋತವರೆಂದರೆ ಎಂದೂ ಒಪ್ಪದ ಅವರೊಬ್ಬರೇ, ಡಬ್ಬಿಯೂ ಅವರದೇ. ಹೊರದೆ ಬೇರೆ ದಾರಿಯಿರಲಿಲ್ಲ. ಹುಬ್ಬಳ್ಳಿಯವರೆಗೆ ಸರದಿಯ ಮೇಲೆ ತೊಡೆಯ ಮೇಲೆ ಇಟ್ಟುಕೊಂಡು ಹೋದೆವು. ಬಂಕಾಪುರ ಬಂದಾಗ ಶಮೀಮ, “ಅವಗ ತಮ್ಮ ಇದ್ರ ಹೇಳ್ರಿ,” ಎಂದಳು. ಆಮೇಲೆ ಶಿಗ್ಗಾಂವಿ ದಾಟುವವರೆಗೂ ನಮ್ಮ ನಗು ನಿಲ್ಲಲಿಲ್ಲ. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ಬಾಗಿಲು ತೆರೆದದ್ದು ನಂದಿನಿ. ಡಬ್ಬಿ ನೋಡಿದಳು, ಮುಚ್ಚಳದ ಮೇಲಿನ ಹೆಸರು ನೋಡಿದಳು. ಒಳಗಿನಿಂದ ವಿದ್ಯಾ ಯಾರೆಂದು ಕೇಳುತ್ತಿದ್ದಳು. ನಂದಿನಿ ಉತ್ತರ ಕೊಡಲಿಲ್ಲ. ತೋಳು ಚಾಚಿ ಬಾಗಿಲಿನ ಚೌಕಟ್ಟು ಹಿಡಿದಳು.

“ಹೆಸರು ಹೇಳ್ರಿ. ಡಬ್ಬಿ ಯಾರದು? ಹೇಳದ ಒಳಗ ಬಿಡೂದಿಲ್ಲ.”

ಉಳಿದಿಬ್ಬರೂ ನನ್ನನ್ನು ಮುಂದೆ ತಳ್ಳಿದರು. ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ನನಗೆ ಮೂಗುತಿ ಇಲ್ಲ, ಮೂಗನ್ನೇ ಮುಟ್ಟಿದೆ. ಶಮೀಮ ಮುಚ್ಚಳದ ಮೇಲೆ ಬಳೆಯಿಂದ ಠಣ್ ಎಂದು ಹೊಡೆದಳು. ಬಸ್ಸಿನಲ್ಲಿ ಇದನ್ನು ಯೋಚಿಸಿರಲಿಲ್ಲ. ಮೊದಲ ಸಾಲು ಹೇಗೋ ಬಂತು, ಎರಡನೆಯ ಸಾಲಿನ ಕೊನೆಯಲ್ಲಿ ಅವರ ಹೆಸರು ಇಟ್ಟೆ, ಕೊನೆಯ ಬೆಂಚಿಗೂ ಕೇಳುವಂತೆ.

“ಪ್ರಾಸ ಎಲ್ಲೈತ್ರಿ ಇದಕ?” ಎಂದಳು ನಂದಿನಿ, ಥೇಟ್ ಅವರ ದನಿಯಲ್ಲಿ. ಅಷ್ಟರಲ್ಲಿ ಅವಳ ತೋಳು ಕೆಳಗೆ ಇಳಿದಿತ್ತು.